ಹಲ್ಲಿನ ಡಾಕ್ಟರ ಬಳಿ ಒಂದು ದಿನದ ಶಾಲೆ: ಹೋಮ್‌ಸ್ಕೂಲಿಂಗ್ ಮನೆಗಳಿಗೆ ಒಂಬತ್ತು ಸೂತ್ರಗಳು

ಮಗುವನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುವ ದಿನ ಪಾಠಕ್ಕೆ ರಜೆ ಎಂದುಕೊಳ್ಳಬೇಡಿ. ಆರರಿಂದ ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಗಣಿತ, ವಿಜ್ಞಾನ, ವ್ಯಾಕರಣ, ಭೂಗೋಳ ಎಲ್ಲವೂ ಇವೆ. ಅದರಲ್ಲೂ ಒಂದು ಹಲ್ಲು ಅಲ್ಲಾಡುತ್ತಾ ಪಕ್ಕದ್ದು ಮೊಳೆಯುತ್ತಾ ಇರುವಾಗ ಮಗುವಿಗೇ ಕುತೂಹಲ ತಡೆಯದು. ಆದರೆ ಪಾಠವೆಲ್ಲ ಕುರ್ಚಿ ಹತ್ತುವ ಮೊದಲು, ಇಳಿದ ಮೇಲೆ. ಕುರ್ಚಿಯಲ್ಲಿ ಇರುವಷ್ಟು ಹೊತ್ತು ಯಾರೂ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬಾರದು.

1. ಸರಿಯಾದ ದಿನ ಆರಿಸಿ

ಮಾಮೂಲಿ ತಪಾಸಣೆಯ ಭೇಟಿಯೇ ಪಾಠಕ್ಕೆ ತಕ್ಕದ್ದು. ನೋವಿನಿಂದ ಅಳುವ ಮಗುವಿಗೆ ಬೇಕಾದದ್ದು ಚಿಕಿತ್ಸೆ ಮಾತ್ರ. ಬೆಳಗಿನ ಹೊತ್ತು ಕೇಳಿ ಪಡೆಯಿರಿ. "ಮಗುವಿಗೆ ಎರಡು ಮೂರು ಪ್ರಶ್ನೆಗಳಿವೆ, ಸ್ವಲ್ಪ ಸಮಯ ಸಿಗುತ್ತದೆಯೇ?" ಎಂದು ಮೊದಲೇ ವಿಚಾರಿಸಿ. ಹತ್ತಿರದಲ್ಲಿ ದಂತ ಕಾಲೇಜು ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರು, ಮಣಿಪಾಲ, ಧಾರವಾಡ, ದಾವಣಗೆರೆಗಳಲ್ಲಿ ಇವೆ. ಇಂಥ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೇ ಪ್ರತ್ಯೇಕ ವಿಭಾಗ ಇರುತ್ತದೆ, ಮುಟ್ಟಿ ನೋಡಲು ಹಲ್ಲಿನ ಮಾದರಿಗಳೂ ಇರುತ್ತವೆ.

2. ಹಿಂದಿನ ಸಂಜೆ ಮನೆಮಂದಿಯ ಹಲ್ಲೆಣಿಕೆ

ಒಂದು ಕನ್ನಡಿ, ಒಂದು ಟಾರ್ಚ್ ಸಾಕು. ಹಾಲುಹಲ್ಲು ಒಟ್ಟು 20: ಬಾಯಿಯ ಒಂದೊಂದು ಕಾಲುಭಾಗದಲ್ಲಿ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು. ಐದು ನಾಲ್ಕಲೆ ಇಪ್ಪತ್ತು. ದೊಡ್ಡವರಿಗೆ ಎಂಟು ನಾಲ್ಕಲೆ ಮೂವತ್ತೆರಡು. ಅಪ್ಪನಿಗೆ 28 ಬಂದರೆ ಬುದ್ಧಿಹಲ್ಲಿನ ಕಥೆ ತಾನಾಗಿ ಶುರುವಾಗುತ್ತದೆ. ಅಜ್ಜಿಯ ಲೆಕ್ಕವನ್ನೂ ಬಿಡಬೇಡಿ.

ಇಲ್ಲಿ ಹೆತ್ತವರಿಗೂ ಒಂದು ಪಾಠವಿದೆ. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಹೊಸದೊಂದು ದವಡೆಹಲ್ಲು ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬಿದ್ದಿರುವುದಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಅದನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕು ಬಿದ್ದರೂ ಸುಮ್ಮನಿರುತ್ತಾರೆ. ಅದು ಶಾಶ್ವತ ಹಲ್ಲು, ಬಿದ್ದರೆ ಮತ್ತೆ ಬಾರದು. ಮಗುವಿನ ಬೆರಳಿನಿಂದಲೇ ಅದನ್ನು ಹುಡುಕಿಸಿ.

3. ಡಾಕ್ಟರ ಗುಪ್ತಲಿಪಿ ಬಿಡಿಸಿ

ಬಾಯಲ್ಲಿರುವುದೇ ಇಪ್ಪತ್ತು ಚಿಲ್ಲರೆ ಹಲ್ಲು. ಡಾಕ್ಟರು ಮಾತ್ರ ಸಹಾಯಕರಿಗೆ "ಎಪ್ಪತ್ತೈದು" ಎನ್ನುತ್ತಾರೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಒಗಟು ಸಿಗದು. ಅದನ್ನು ಏಳು, ಐದು ಎಂದು ಬಿಡಿಸಿ ಓದಬೇಕು. ಮೊದಲ ಅಂಕಿ ಬಾಯಿಯ ಕಾಲುಭಾಗ: ಹಾಲುಹಲ್ಲಿಗೆ 5, 6, 7, 8, ಶಾಶ್ವತ ಹಲ್ಲಿಗೆ 1, 2, 3, 4. ಮಗುವಿನ ಮೇಲಿನ ಬಲಭಾಗದಿಂದ ಶುರುವಾಗಿ ಮೇಲಿನ ಎಡ, ಕೆಳಗಿನ ಎಡ, ಕೆಳಗಿನ ಬಲ. ಎದುರು ನಿಂತವರ ಕಣ್ಣಿಗೆ ಇದು ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಎರಡನೇ ಅಂಕಿ, ನಡುಗೆರೆಯಿಂದ ಎಷ್ಟನೇ ಹಲ್ಲು ಎಂಬುದು. ಅಂದರೆ 75 ಎಂದರೆ ಕೆಳಗಿನ ಎಡಭಾಗದ ಐದನೇ ಹಾಲುಹಲ್ಲು. 36 ಎಂದರೆ ಅದರ ಹಿಂದೆ ಮೊಳೆತ ಹೊಸ ದವಡೆಹಲ್ಲು. ಹಾಳೆಯ ಮೇಲೆ ಬಾಯಿಯ ನಕ್ಷೆ ಬರೆದು ಸಂಖ್ಯೆ ತುಂಬಿಸಿಕೊಂಡೇ ಹೊರಡಿ. ಡಾಕ್ಟರು ಹೇಳಿದ ಸಂಖ್ಯೆ ಯಾವ ಹಲ್ಲಿನದೆಂದು ಮಗುವೇ ಗುರುತಿಸಿದಾಗ ಭಯ ಅರ್ಧ ಇಳಿದಿರುತ್ತದೆ.

4. ದಾರಿಯಲ್ಲಿ ವರ್ಣಮಾಲೆ

ತ, ಥ, ದ, ಧ, ನ ಯಾಕೆ ದಂತ್ಯ? ಮಗು ಒಮ್ಮೆ "ತ", ಒಮ್ಮೆ "ಟ" ಎನ್ನಲಿ, ನಾಲಿಗೆ ಎಲ್ಲಿ ತಾಗಿತೆಂದು ಹೇಳಲಿ. ಮುಂದಿನ ಹಲ್ಲು ಬಿದ್ದ ಮಗುವಾದರೆ "ಸ" ಎಲ್ಲಿ ಸೋರಿಹೋಗುತ್ತದೆ, "ಪ" ಯಾಕೆ ಕೆಡುವುದಿಲ್ಲ ಎಂದು ಕೇಳಿ. ವರ್ಗಾಕ್ಷರಗಳ ಜೋಡಣೆ ಬಾಯಿಯ ಒಳಗಿನಿಂದ ತುಟಿಯವರೆಗಿನ ಪಯಣ ಎನ್ನುವುದು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೀಗೆ ಬೇಗ ತಿಳಿಯುತ್ತದೆ.

5. ನೋವಿನ ವಿಷಯದಲ್ಲಿ ಸುಳ್ಳು ಬೇಡ

"ಏನೂ ಆಗಲ್ಲ" ಎಂದು ಮಾತು ಕೊಡಬೇಡಿ. ಚುರುಕ್ ಎಂದರೆ ಆಮೇಲೆ ನಿಮ್ಮ ಪಾಠವನ್ನೂ ನಂಬುವುದಿಲ್ಲ. "ಗಲಾಟೆ ಮಾಡಿದರೆ ಇಂಜೆಕ್ಷನ್ ಕೊಡಿಸ್ತೀನಿ" ಎಂಬ ಬೆದರಿಕೆಯಂತೂ ಯಾವತ್ತೂ ಬೇಡ. ಮಕ್ಕಳ ದಂತವೈದ್ಯರದ್ದೇ ಒಂದು ಕ್ರಮವಿದೆ: ಮೊದಲು ಹೇಳುವುದು, ಆಮೇಲೆ ತೋರಿಸುವುದು, ಕೊನೆಗೆ ಮಾಡುವುದು. ಪುಟ್ಟ ಕನ್ನಡಿಯನ್ನು ಮಗುವಿನ ಬೆರಳಿಗೆ ತಾಗಿಸಿ ನಂತರವೇ ಬಾಯಿಗೆ ತರುತ್ತಾರೆ. ಕೈ ಎತ್ತಿದರೆ ನಿಲ್ಲಿಸಬೇಕೆಂಬ ಸನ್ನೆಯನ್ನೂ ಮೊದಲೇ ಮಾತಾಡಿಕೊಳ್ಳಿ.

6. ಪ್ರಶ್ನೆ ಮಗುವಿನದೇ ಆಗಿರಲಿ

ನೀವು ಬರೆದುಕೊಟ್ಟ ಪ್ರಶ್ನೆಗೆ ಬಂದ ಉತ್ತರ ಮಗುವಿಗೆ ನೆನಪಿರುವುದಿಲ್ಲ. "ಆ ಮಿಷನ್ನು ಕೀಂ ಅಂತ ಯಾಕೆ ಕೂಗುತ್ತೆ?" ಎಂದು ತಾನೇ ಕೇಳಲಿ. ಒತ್ತಡದ ಗಾಳಿಯಿಂದ ಅದರ ಪುಟ್ಟ ಚಕ್ರ ನಿಮಿಷಕ್ಕೆ ಮೂರು ಲಕ್ಷ ಸುತ್ತಿನಷ್ಟು ತಿರುಗುತ್ತದೆ, ಬಿಸಿ ಏರದಿರಲೆಂದು ನೀರು ಚಿಮ್ಮುತ್ತದೆ ಎಂಬ ಉತ್ತರ ಮರೆಯುವಂಥದ್ದಲ್ಲ. ಎಕ್ಸ್‌ರೇ ತೆಗೆದಿದ್ದರೆ ಹಾಲುಹಲ್ಲಿನ ಕೆಳಗೆ ಕಾಯುತ್ತಿರುವ ಹಲ್ಲನ್ನು ತೋರಿಸಲು ಕೇಳಿಕೊಳ್ಳಿ. ಪಾಠಕ್ಕೆಂದೇ ಎಕ್ಸ್‌ರೇ ತೆಗೆಸುವುದು ಮಾತ್ರ ತಪ್ಪು.

7. ಮನೆಗೆ ಬಂದು ವಿನೆಗರ್ ಪ್ರಯೋಗ

ಮೊಟ್ಟೆಯನ್ನೋ, ಮೊಟ್ಟೆ ತಾರದ ಮನೆಯವರು ಕಪ್ಪೆಚಿಪ್ಪನ್ನೋ ವಿನೆಗರ್‌ನಲ್ಲಿ ಮುಳುಗಿಸಿಡಿ. ಗುಳ್ಳೆ ಏಳುತ್ತದೆ. ಎರಡು ದಿನದಲ್ಲಿ ಮೊಟ್ಟೆಯ ಚಿಪ್ಪು ಕರಗಿ ಒಳಪೊರೆಯಷ್ಟೇ ಉಳಿಯುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲಿನ ಎನಾಮೆಲ್ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್ ಎಂದು ವ್ಯತ್ಯಾಸವನ್ನೂ ಹೇಳಿ, ಅರ್ಧ ಸತ್ಯ ಕಲಿಸಬಾರದು. ಆದರೂ ಎರಡಕ್ಕೂ ಆಮ್ಲವೇ ಶತ್ರು. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಪಡಿಸಲು ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಹೀಗಾಗಿ ಎಷ್ಟು ಸಿಹಿ ತಿಂದೆವು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎನ್ನುವುದು ಮುಖ್ಯ. ನಾಲ್ಕು ಚಾಕೊಲೇಟನ್ನು ನಾಲ್ಕು ಹೊತ್ತಿಗೆ ತಿಂದರೆ, ಊಟದ ಜೊತೆ ಒಟ್ಟಿಗೆ ತಿಂದರೆ ಏನಾಗುತ್ತದೆ? ಗಡಿಯಾರ ಬರೆದು ಮಗುವೇ ಬಣ್ಣ ತುಂಬಲಿ.

8. ನೀರಿನ ಭೂಗೋಳ

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಲ್ಲಿನ ಪದರದಿಂದ ಕರಗಿ ಬಂದದ್ದು ಅದು. ಬೆಳೆಯುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ. ಅದೇ ಫ್ಲೋರೈಡ್ ಅಲ್ಪ ಪ್ರಮಾಣದಲ್ಲಿ ಹುಳುಕನ್ನು ತಡೆಯುತ್ತದೆ. ಕುಡಿಯುವ ನೀರಿಗೆ ಭಾರತದ ಮಾನಕ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಿಮ್ಮೂರ ನೀರಿನ ಪರೀಕ್ಷಾ ವರದಿಯನ್ನು ಪಂಚಾಯಿತಿಯಲ್ಲಿ ಕೇಳಿ, ಮಗುವಿಗೆ ಯಾವ ಪೇಸ್ಟ್ ಎಂದು ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು, ಅದಕ್ಕಿಂತ ಚಿಕ್ಕವರಿಗೆ ಅಕ್ಕಿಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಶ್ ತುಂಬ ಹರಡುವ ಪೇಸ್ಟ್ ನೋಡಿ ಅಳತೆ ಕಲಿಯಬಾರದು.

9. ಹಲ್ಲಿನ ದಿನಚರಿ

ಒಂದು ನೋಟ್‌ಬುಕ್ಕಿನಲ್ಲಿ ಬಿದ್ದ ಹಲ್ಲಿನ ಸಂಖ್ಯೆ, ತಾರೀಕು, ಹೊಸದು ಕಾಣಿಸಿದ ದಿನ ಬರೆಯುತ್ತಾ ಹೋಗಲಿ. ಸಾಮಾನ್ಯವಾಗಿ ಮೊದಲು ಬೀಳುವುದು ಕೆಳಗಿನ ನಡುವಿನ 71 ಮತ್ತು 81. ಹಾಲುದವಡೆಗಳು ಹತ್ತು ಹನ್ನೆರಡು ವರ್ಷದವರೆಗೂ ಇರುತ್ತವೆ. ಮುಂದಿನ ಸರದಿ ಯಾವುದರದ್ದು ಎಂದು ಮಗು ಊಹಿಸಿ ಬರೆದು, ಕಾರಣವನ್ನೂ ಕೊಡಲಿ. ಊಹೆ ತಪ್ಪಿದರೆ ಅಳಿಸಗೊಡಬೇಡಿ. ಅದರ ಕೆಳಗೇ ಹೊಸ ಊಹೆ ಬರೆಯಲಿ.