ಕಥೆಗೊಂದು ಹೊತ್ತು

"ಬರೆಯಬೇಕೆಂಬ ಆಸೆಯೇನೋ ಇದೆ; ಆದರೆ ಹೊತ್ತೆಲ್ಲಿದೆ?" ಎಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಕಚೇರಿಗೆ ಹೋಗುವವರು, ಹೊಲದಲ್ಲಿ ದುಡಿಯುವವರು, ಮನೆಯ ಭಾರವನ್ನು ಹೊತ್ತವರು ಎಲ್ಲರೂ ಹೀಗೆ ಹೇಳುತ್ತಾರೆ. ಈ ಮಾತು ಸುಳ್ಳೇನೂ ಅಲ್ಲ. ಕಥೆ ಕಾದಂಬರಿಗಳ ರಚನೆಗೆ ಏಕಾಗ್ರತೆ ಬೇಕು. ಸಂಸಾರದ ಕೆಲಸಗಳಾದರೋ ಮನುಷ್ಯನನ್ನು ಗಳಿಗೆಗೊಮ್ಮೆ ಎಬ್ಬಿಸುತ್ತವೆ. ಹಾಗಾದರೆ ಬಿಡುವಿಲ್ಲದವರು ಕಥೆ ಬರೆಯಲಾರರೇ? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಒಬ್ಬ ತಾಯಿ ಮತ್ತು ಆಕೆಯ ಮಗನ ಬಾಳು ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಆ ತಾಯಿಯ ಹೆಸರು ಫ್ರಾನ್ಸಿಸ್ ಟ್ರೊಲೋಪ್. ಆಕೆಯ ಪತಿ ವಕೀಲ. ವಕೀಲಿ ವೃತ್ತಿ ಕೈಹಿಡಿಯಲಿಲ್ಲ. ನೆಚ್ಚಿಕೊಂಡ ಬೇಸಾಯವೂ ನಷ್ಟವನ್ನೇ ತಂದಿತು. ತಾನು ಅಮೆರಿಕದಲ್ಲಿ ಕಂಡದ್ದನ್ನು ಕುರಿತು ಆಕೆ ಬರೆದ ಮೊದಲ ಪುಸ್ತಕ 1832ರಲ್ಲಿ ಪ್ರಕಟವಾಯಿತು. ಆಗ ಆಕೆಗೆ ಐವತ್ತು ವರ್ಷ ದಾಟಿತ್ತು. ಅಂದಿನಿಂದ ಲೇಖನಿಯೇ ಮನೆಯವರೆಲ್ಲರ ಜೀವನಾಧಾರವಾಯಿತು. 1834ರಲ್ಲಿ ಸಾಲಗಾರರ ಕಾಟದಿಂದ ಕುಟುಂಬವು ಬೆಲ್ಜಿಯಂ ದೇಶದ ಬ್ರೂಜ್ ನಗರಕ್ಕೆ ಹೋಗಿ ನೆಲೆಸಬೇಕಾಯಿತು. ಅಲ್ಲಿ ಮಗ ಹೆನ್ರಿ ಕ್ಷಯರೋಗದಿಂದ ಮಲಗಿದ್ದನು. ಪತಿಯ ಆರೋಗ್ಯವೂ ಕುಸಿದಿತ್ತು. ಹಗಲೂ ಇರುಳೂ ರೋಗಿಗಳ ಶುಶ್ರೂಷೆ ಮಾಡುತ್ತಲೇ ಆಕೆ ಕಾದಂಬರಿಗಳನ್ನು ಬರೆದಳು. ಮನೆಯಲ್ಲಿ ಔಷಧದ ಸೀಸೆಗಳಿಗೂ ಮಸಿಕುಡಿಕೆಗೂ ಸಮಾನವಾದ ಸ್ಥಾನವಿತ್ತೆಂದು ಮಗ ಆಂಥನಿ ಮುಂದೆ ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ.

ಇದು ಹೇಗೆ ಸಾಧ್ಯವಾಯಿತು? ಬೆಳಗಿನ ಜಾವ ನಾಲ್ಕು ಗಂಟೆಗೆ ಆಕೆ ಮೇಜಿನ ಮುಂದೆ ಕುಳಿತಿರುತ್ತಿದ್ದಳು. ಲೋಕವು ಕಣ್ಣು ತೆರೆಯುವ ಮೊದಲೇ ಅಂದಿನ ಬರವಣಿಗೆ ಮುಗಿದಿರುತ್ತಿತ್ತು. ಅಲ್ಲಿಂದ ಮುಂದೆ ಆಕೆಯ ದಿನ ಇತರರದು. 1834ರ ಕೊನೆಯಲ್ಲಿ ಹೆನ್ರಿ ತೀರಿಕೊಂಡನು. ಮರುವರ್ಷ ಪತಿ, 1836ರಲ್ಲಿ ಮಗಳು ಎಮಿಲಿ. ಆದರೂ ಆಕೆಯ ಲೇಖನಿ ನಿಲ್ಲಲಿಲ್ಲ. ಬಾಳಿನಲ್ಲಿ ಆಕೆ ರಚಿಸಿದ ಪುಸ್ತಕಗಳು 40ಕ್ಕೂ ಹೆಚ್ಚು.

ಮಗ ಆಂಥನಿ ಟ್ರೊಲೋಪ್ 1834ರಲ್ಲಿ ಲಂಡನ್ನಿನ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದನು. ಕಾದಂಬರಿಕಾರನಾಗಬೇಕೆಂಬ ಹಂಬಲ ಅವನಿಗೆ ಆಗಲೇ ಇತ್ತು. ಸಂಜೆಯ ಹೊತ್ತೂ ಅವನ ಕೈಯಲ್ಲಿತ್ತು. ಆದರೂ ಏಳು ವರ್ಷಗಳಲ್ಲಿ ಅವನು ಒಂದು ಕಾದಂಬರಿಯನ್ನೂ ಆರಂಭಿಸಲಿಲ್ಲ. 1841ರಲ್ಲಿ ಅವನಿಗೆ ಐರ್ಲೆಂಡಿಗೆ ವರ್ಗವಾಯಿತು. ಕುದುರೆಯೇರಿ ಊರೂರು ಸುತ್ತುವ ಶ್ರಮದ ಕೆಲಸ ಅದು. ವಿಚಿತ್ರವೆಂದರೆ, ಬಿಡುವಿದ್ದಾಗ ಬರೆಯದವನು ಕೆಲಸ ಹೆಚ್ಚಿದಾಗ ಬರೆಯತೊಡಗಿದನು. ಪಾಳುಬಿದ್ದ ಒಂದು ಮನೆಯನ್ನು ಕಂಡು ಅವನಿಗೆ ಮೊದಲ ಕಾದಂಬರಿಯ ವಸ್ತು ಹೊಳೆಯಿತು. ಮುಂದೆ ಅಂಚೆಯ ಕೆಲಸದ ಮೇಲೆ ಸಂಚರಿಸುತ್ತಿದ್ದಾಗ ಸಾಲ್ಸ್‌ಬರಿಯ ದೊಡ್ಡ ಚರ್ಚಿನ ಪರಿಸರದಲ್ಲಿ 'ದಿ ವಾರ್ಡನ್' ಕಾದಂಬರಿಯ ಕಲ್ಪನೆ ಮೂಡಿತು. ಹೊತ್ತನ್ನು ಕಸಿದುಕೊಂಡ ಉದ್ಯೋಗವೇ ಕಥೆಯನ್ನೂ ಕೊಟ್ಟಿತು!

1857ರಲ್ಲಿ ಪ್ರಕಟವಾದ 'ಬಾರ್ಚೆಸ್ಟರ್ ಟವರ್ಸ್' ಕಾದಂಬರಿಯ ಬಹುಭಾಗವನ್ನು ಅವನು ರೈಲಿನಲ್ಲಿ ಕುಳಿತು ಸೀಸದ ಕಡ್ಡಿಯಿಂದ ಬರೆದನು. ಅನಂತರ ಅದನ್ನು ಅಚ್ಚುಕಟ್ಟಾಗಿ ನಕಲು ಮಾಡಿದವಳು ಅವನ ಪತ್ನಿ. ಮುಂದೆ ಲಂಡನ್ನಿನ ಸಮೀಪ ನೆಲೆಸಿದ ಮೇಲೆ ಅವನು ತಾಯಿಯ ದಾರಿಯನ್ನೇ ಹಿಡಿದನು. ಬೆಳಿಗ್ಗೆ ಐದೂವರೆಗೆ ಅವನು ಬರೆಯಲು ಕುಳಿತಿರಬೇಕು. ಅದಕ್ಕಾಗಿ ಅವನನ್ನು ಎಬ್ಬಿಸಿ ಕಾಫಿ ಕೊಡಲು ಒಬ್ಬ ಮುದುಕ ಆಳಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಸಂದಾಯವಾಗುತ್ತಿತ್ತು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದುವುದು, ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುವುದು, ಎಂಟೂವರೆಗೆ ಏಳುವುದು. ಇದು ಅವನ ನಿಯಮ. 1867ರಲ್ಲಿ ಅಂಚೆಯ ಕೆಲಸವನ್ನು ಬಿಟ್ಟ ಮೇಲೂ ಅವನು ಬರೆಯುತ್ತಲೇ ಹೋದನು. ಅವನ ಕಾದಂಬರಿಗಳು ಒಟ್ಟು 47.

ಅವನ ಮರಣಾನಂತರ 1883ರಲ್ಲಿ ಆತ್ಮಕಥೆ ಪ್ರಕಟವಾದಾಗ ಅನೇಕರು ಹುಬ್ಬುಗಂಟಿಕ್ಕಿದರು. ಗಡಿಯಾರ ನೋಡಿ ಬರೆದುದು ಕಲೆಯಾದೀತೇ ಎಂಬುದು ಅವರ ಆಕ್ಷೇಪಣೆ. ಆದರೆ ಗಡಿಯಾರ ಅವನಿಗೆ ಕಥೆಯನ್ನು ಕೊಡಲಿಲ್ಲ. ಕುಳಿತುಕೊಳ್ಳುವ ಅಭ್ಯಾಸವನ್ನು ಮಾತ್ರ ಕೊಟ್ಟಿತು. ತನ್ನ ಪಾತ್ರಗಳೊಡನೆ ಅವನು ದಿನವಿಡೀ ಬಾಳುತ್ತಿದ್ದನು. ನಡೆಯುವಾಗಲೂ ಅವರ ಸುಖದುಃಖಗಳನ್ನೇ ನೆನೆಯುತ್ತಿದ್ದನು. ಹೀಗೆ ಮನಸ್ಸಿನಲ್ಲಿ ಮಾಗಿದುದು ಬೆಳಗಿನ ಹೊತ್ತು ಕಾಗದಕ್ಕೆ ಇಳಿಯುತ್ತಿತ್ತು. ಅವನ ಕಾದಂಬರಿಗಳನ್ನು ಜನರು ಇಂದಿಗೂ ಓದುತ್ತಿದ್ದಾರೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದಲ್ಲಿ ಹಲವು ಊರುಗಳಲ್ಲಿ ಅಧಿಕಾರಿಗಳಾಗಿ ದುಡಿದವರು. ಅವರ 'ಕೆಲವು ಸಣ್ಣ ಕಥೆಗಳು' 1920ರಲ್ಲಿ, 'ಸುಬ್ಬಣ್ಣ' 1928ರಲ್ಲಿ ಪ್ರಕಟವಾದವು. ಎರಡೂ ಅಧಿಕಾರದ ಹೊಣೆಯ ನಡುವೆಯೇ ಹುಟ್ಟಿದ ಕೃತಿಗಳು. ಇಂತಹವರು ನಿವೃತ್ತಿಯ ಬಿಡುವಿಗಾಗಿ ಕಾದಿದ್ದರೆ ಕನ್ನಡದ ಸಣ್ಣಕಥೆ ಎಷ್ಟು ಬಡವಾಗುತ್ತಿತ್ತು!

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಮಗನ ಬೆಳಗನ್ನು ಕಾಯಲು ಆಳಿದ್ದನು; ಅವನ ಬರಹವನ್ನು ನಕಲು ಮಾಡಲು ಪತ್ನಿಯಿದ್ದಳು. ತಾಯಿಯಾದರೋ ಮನೆಯವರೆಲ್ಲ ಮಲಗಿರುವಾಗ ತನ್ನ ಹೊತ್ತನ್ನು ತಾನೇ ಗಳಿಸಿಕೊಳ್ಳಬೇಕಾಯಿತು. ಎಲ್ಲರ ಊಟವಾದ ಮೇಲೆ ಉಣ್ಣುವ ತಾಯಿಯ, ಅಕ್ಕನ ಮನಸ್ಸಿನಲ್ಲಿಯೂ ಹೇಳದೆ ಉಳಿದ ಕಥೆಗಳಿರಬಹುದು. ಅವರ ಕೆಲಸದಲ್ಲಿ ಅರ್ಧ ಗಂಟೆಯ ಪಾಲನ್ನು ನಾವು ವಹಿಸಿಕೊಂಡರೆ ಅದೂ ಸಾಹಿತ್ಯಸೇವೆಯೇ.

ವಿದ್ಯಾರ್ಥಿಗಳಾದ ನಿಮಗೂ ಶಾಲೆ, ಪಾಠ, ಮನೆಗೆಲಸಗಳ ಒತ್ತಡ ಉಂಟು. ಆದರೂ ದಿನಕ್ಕೊಂದು ಪುಟದಂತೆ ಬರೆದರೆ ವರ್ಷಕ್ಕೆ 365 ಪುಟಗಳಾಗುತ್ತವೆ. ಬಿಡುವು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಚಿಕ್ಕದಾದರೂ ನಿಶ್ಚಿತವಾದ ಒಂದು ಹೊತ್ತನ್ನು ಕಥೆಗಾಗಿ ತೆಗೆದಿಟ್ಟು ಅದನ್ನು ದಿನವೂ ಕಾಯ್ದುಕೊಂಡವನೇ ಬರೆಹಗಾರನಾಗುತ್ತಾನೆ.