ಸಿಡಿ20 ಎಂಬ ಸಾಲಿಗೆ ಅಂಜಬೇಡ ತಮ್ಮಾ



ದೊಡ್ಡಪ್ಪನ ಬಯಾಪ್ಸಿ ವರದಿಯ ಫೋಟೋ ನೋಡಿದೆ. ‘ಸಿಡಿ20 ಪಾಸಿಟಿವ್’ ಎಂದು ಓದಿ ಮನೆಮಂದಿಯೆಲ್ಲ ಗಾಬರಿಯಾಗಿದ್ದಾರೆ ಎಂದಿದ್ದೀ. ಅಂಜಬೇಡ, ಆ ವರದಿಯಲ್ಲಿ ಚಿಕಿತ್ಸೆಗೆ ದಾರಿ ತೋರುವ ಸಾಲೇ ಅದು. ಹೀಗೆ ಫೈಲು ಹಿಡಿದು ತಡಸದಿಂದ ಹುಬ್ಬಳ್ಳಿ ಬಸ್ಸು ಹತ್ತುವ ಹುಡುಗರು ಇನ್ನೂ ಇದ್ದಾರು, ಅವರೂ ಓದಲೆಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಮ್ಮ ರಕ್ತದಲ್ಲಿ, ಕುತ್ತಿಗೆ ಕಂಕುಳಿನ ಗ್ರಂಥಿಗಳಲ್ಲಿ ಬಿ ಜೀವಕೋಶಗಳಿವೆ. ರೋಗದ ವಿರುದ್ಧ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳು ಹುಟ್ಟುವುದು ಇವುಗಳಿಂದಲೇ. ಇವುಗಳ ಹೊರಪೊರೆಯನ್ನು ನಾಲ್ಕು ಸಲ ಹಾದುಹೋಗುವ ಪ್ರೋಟೀನು ಸಿಡಿ20. 1980ರಲ್ಲಿ ಬೋಸ್ಟನ್ನಿನಲ್ಲಿ ಲೀ ನ್ಯಾಡ್ಲರ್ ಮತ್ತು ಸಂಗಡಿಗರು ಅದನ್ನು ಗುರುತಿಸಿದರು. ಅದು ಮಾಡುವ ಕೆಲಸ ಮಾತ್ರ ಬಹುಕಾಲ ತಿಳಿಯಲಿಲ್ಲ. ಹುಟ್ಟಿನಿಂದಲೇ ಸಿಡಿ20 ಇಲ್ಲದ ಒಂದು ಮಗುವಿನ ವಿವರ 2010ರಲ್ಲಿ ಪ್ರಕಟವಾಯಿತು. ಬಿ ಕೋಶಗಳೇನೋ ಇದ್ದವು, ಆದರೆ ಪ್ರತಿಕಾಯಗಳು ಸಾಕಷ್ಟು ಹುಟ್ಟುತ್ತಿರಲಿಲ್ಲ.

ಬಿ ಕೋಶ ಕೆಟ್ಟು ಲಿಂಫೋಮಾ ಎಂಬ ಕ್ಯಾನ್ಸರ್ ಆದಾಗಲೂ ಬಹುಪಾಲು ಸಿಡಿ20 ಅದರ ಮೈಮೇಲೆ ಉಳಿದಿರುತ್ತದೆ. ರಿಟುಕ್ಸಿಮಾಬ್ ಔಷಧ ಅದಕ್ಕೇ ಅಂಟಿ ಕೋಶವನ್ನು ಕೊಲ್ಲಿಸುತ್ತದೆ. ಅಮೆರಿಕದಲ್ಲಿ 1997ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದನ್ನೇ ಹೋಲುವ ತನ್ನದೇ ರೆಡಿಟಕ್ಸ್ ತಂದಿತು. ದೊಡ್ಡಪ್ಪನಿಗೆ ಬಂದಿರುವ ಬಗೆಯದೇ ಲಿಂಫೋಮಾ ಇದ್ದ, 60ರಿಂದ 80 ವಯಸ್ಸಿನ 399 ಮಂದಿಯ ಅಧ್ಯಯನವೊಂದು 2002ರಲ್ಲಿ ಬಂತು. ಕೀಮೋ ಮಾತ್ರ ಪಡೆದವರಲ್ಲಿ ಶೇ. 63 ಮಂದಿಗೆ ರೋಗದ ಕುರುಹು ಮಾಯವಾದರೆ, ರಿಟುಕ್ಸಿಮಾಬ್ ಕೂಡಿಸಿದವರಲ್ಲಿ ಶೇ. 76 ಮಂದಿಗೆ. ಆದ್ದರಿಂದ ಗಂಟು ಕರಗಿತೆಂದು ಮೂರನೇ ಸರದಿಗೇ ನಿಲ್ಲಿಸೋಣ ಎಂದು ಯಾರಾದರೂ ಅಂದರೆ ಕಿವಿಗೊಡಬೇಡ. ಡಾಕ್ಟರು ಬರೆದಷ್ಟೂ ಸರದಿ ಮುಗಿಯಲೇಬೇಕು. ಆಯುಷ್ಮಾನ್ ಕಾರ್ಡು, ರೇಷನ್ ಕಾರ್ಡು ಮೊದಲ ದಿನವೇ ಒಯ್ದು ಯೋಜನೆಯಲ್ಲಿ ಏನೇನು ಸಿಗುತ್ತದೆಂದು ಕೇಳು.

ಈಗ ಮುಖ್ಯ ಮಾತು. ಈ ಔಷಧಕ್ಕೆ ಕೆಟ್ಟ ಬಿ ಕೋಶ, ಒಳ್ಳೆಯ ಬಿ ಕೋಶ ಎಂಬ ಭೇದವಿಲ್ಲ, ಎರಡೂ ಹೋಗುತ್ತವೆ. ಅಸ್ಥಿಮಜ್ಜೆಯ ಮೂಲಕೋಶಗಳ ಮೇಲೆ ಸಿಡಿ20 ಇಲ್ಲದ್ದರಿಂದ ಬಿ ಕೋಶಗಳು ಮತ್ತೆ ಹುಟ್ಟುತ್ತವೆ, ಆದರೆ ಅದಕ್ಕೆ ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಹಳೆಯ ಪ್ಲಾಸ್ಮಾ ಕೋಶಗಳ ಮೇಲೂ ಅದಿಲ್ಲ, ಹಾಗಾಗಿ ಹಿಂದಿನ ಪ್ರತಿಕಾಯಗಳು ಒಮ್ಮೆಲೇ ಬತ್ತುವುದಿಲ್ಲ. ಹೊಸ ಸೋಂಕಿಗೆ ಹೊಸ ಪ್ರತಿಕಾಯ ಹುಟ್ಟಿಸುವುದು ಮಾತ್ರ ಆ ಅವಧಿಯಲ್ಲಿ ಮೈಗೆ ಕಷ್ಟ.

ನನಗೆ ಎಲ್ಲಕ್ಕಿಂತ ಭಯ ಹೆಪಟೈಟಿಸ್ ಬಿ ಕುರಿತು. ಎಂದೋ ಬಂದುಹೋದ ಈ ವೈರಸ್ಸು ಯಕೃತ್ತಿನಲ್ಲಿ ಸದ್ದಿಲ್ಲದೆ ಉಳಿದಿರಬಹುದು. ಬಿ ಕೋಶಗಳು ಹೋದಾಗ ಅದು ಕೆರಳಿ, ಯಕೃತ್ತು ಕೆಟ್ಟು ಜೀವಕ್ಕೇ ಕುತ್ತು ಬಂದದ್ದಿದೆ. ಮೊದಲ ಡೋಸಿಗೆ ಮುಂಚೆಯೇ ಎಚ್‌ಬಿಎಸ್‌ಎಜಿ ಮತ್ತು ಆ್ಯಂಟಿ-ಎಚ್‌ಬಿಸಿ ಎರಡೂ ರಕ್ತಪರೀಕ್ಷೆ ಆಗಬೇಕು. ಮೊದಲನೆಯದು ನೆಗೆಟಿವ್ ಬಂದರೂ ಎರಡನೆಯದನ್ನು ಬಿಡಬೇಡ. ಸೋಂಕು ಕಂಡರೆ ವೈರಸ್ಸನ್ನು ತಡೆಯುವ ಗುಳಿಗೆಗಳಿವೆ, ಚಿಕಿತ್ಸೆ ಮುಗಿದ ಮೇಲೂ ಬಹಳ ತಿಂಗಳು ನುಂಗಬೇಕು.

ಮೊದಲ ಡೋಸು ಏರುವಾಗ ಚಳಿ, ನಡುಕ ಬಂದರೆ ತಕ್ಷಣ ಸಿಸ್ಟರಿಗೆ ತಿಳಿಸು. ಬಿಪಿ ಗುಳಿಗೆ ಅಂದು ಬೆಳಿಗ್ಗೆ ಕೊಡಬೇಕೋ ಬೇಡವೋ ಎಂದು ಹಿಂದಿನ ದಿನವೇ ಕೇಳಿಕೋ. ಫ್ಲೂ, ನ್ಯುಮೋನಿಯಾ ಲಸಿಕೆಯ ಹೊತ್ತನ್ನು ಡಾಕ್ಟರೇ ಹೇಳಲಿ. ಜೀವಂತ ವೈರಸ್ಸಿನ ಲಸಿಕೆ ಈ ಕಾಲದಲ್ಲಿ ಬೇಡವೇ ಬೇಡ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಅಂಗಡಿಯ ಗುಳಿಗೆ ಕೊಟ್ಟು ಬೆಳಗಾಗಲಿ ಎನ್ನಬೇಡ. ನಡುರಾತ್ರಿಯಾದರೂ ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಹೊರಡು.

ಮುಂದೆ ರೋಗ ಮರುಕಳಿಸಿದರೂ ದಾರಿ ಮುಚ್ಚಿಲ್ಲ. ಸಿಡಿ19 ಎಂಬ ಇನ್ನೊಂದು ಪ್ರೋಟೀನನ್ನು ಗುರಿಯಾಗಿಸಿದ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದಲ್ಲೇ ಅನುಮತಿ ಸಿಕ್ಕಿದೆ. ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಕೂಡಿ ರೂಪಿಸಿದ್ದು ಅದು. ಸದ್ಯಕ್ಕೆ ಆ ಚಿಂತೆ ಬೇಡ. ಸೋಮವಾರ ಡೋಸಿಗೆ ಕೂರಿಸುವ ಮುಂಚೆ ಆ ಎರಡು ಪರೀಕ್ಷೆಯ ವರದಿ ಫೈಲಿನಲ್ಲಿದೆಯೇ ನೋಡು. ಇಲ್ಲದಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಕೇಳು.

ನಿನ್ನ ಕಾಕಾ