0.01 ಸೆಕೆಂಡಿನ ಬೆಲೆ



ದಶಾಂಶದ ಲೆಕ್ಕ ಬಂದರೆ ಸಾಕು, ನಮ್ಮಲ್ಲಿ ಹಲವರು "0.01 ಅಂದ್ರೆ ಎಷ್ಟು ಮಹಾ, ಬಿಟ್ಟರಾಯ್ತು" ಅನ್ನುತ್ತಾರೆ. ಆ 0.01 ಒಂದು ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ತಂದುಕೊಟ್ಟ ವಿಷಯವನ್ನು ಈ ಸಲ ಬರೆಯುತ್ತಿದ್ದೇನೆ.

ಭೂಪಟದಲ್ಲಿ ಬ್ರೆಜಿಲ್ ದೇಶದ ಮೇಲ್ಗಡೆ ನೋಡಿರಿ. ಅಲ್ಲಿ ಸುರಿನಾಮ್ ಎಂಬ ಪುಟ್ಟ ದೇಶವಿದೆ. 1988ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 4 ಲಕ್ಷ. 50 ಮೀಟರ್ ಉದ್ದದ ಈಜುಕೊಳ ಇಡೀ ದೇಶಕ್ಕೆ ಒಂದೇ ಒಂದು! ಆಂಥೋನಿ ನೆಸ್ಟಿ ಬೆಳೆದದ್ದು ಈ ದೇಶದಲ್ಲಿ. ಇವರು 1967ರಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಸುರಿನಾಮಿಗೆ ಬಂದವರು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ, 16ನೇ ವಯಸ್ಸಿಗೆ, 100 ಮೀಟರ್ ಬಟರ್‌ಫ್ಲೈ ಈಜಿನಲ್ಲಿ ಅವರಿಗೆ 21ನೇ ಸ್ಥಾನ ಬಂತು. ಅಷ್ಟಕ್ಕೇ ಕೈಚೆಲ್ಲಿ ಕೂರಲಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಓದುತ್ತಾ ಅಭ್ಯಾಸ ಮುಂದುವರಿಸಿದರು.

ಬಟರ್‌ಫ್ಲೈ ಎಂದರೆ ಚಿಟ್ಟೆ ರೆಕ್ಕೆ ಬಡಿದಂತೆ ಎರಡೂ ತೋಳುಗಳನ್ನು ಒಟ್ಟಿಗೆ ಬೀಸುವ ಈಜು. ಕೊನೆಯಲ್ಲಿ ಎರಡೂ ಕೈಗಳಿಂದ ಒಮ್ಮೆಲೇ ಗೋಡೆ ಮುಟ್ಟಬೇಕು. 1988ರ ಸೆಪ್ಟೆಂಬರ್ 21ರಂದು ಸೋಲ್ ಒಲಿಂಪಿಕ್ಸ್‌ನ ಫೈನಲ್ ನಡೆಯಿತು. ಅಮೆರಿಕದ ಮ್ಯಾಟ್ ಬಿಯಾಂಡಿ ಕೊನೆಯವರೆಗೂ ಮುಂದಿದ್ದರು. ಗೋಡೆ ಇನ್ನು ಸ್ವಲ್ಪವೇ ದೂರ ಇದ್ದಾಗ ಅವರು ಮತ್ತೊಮ್ಮೆ ಕೈ ಬೀಸದೆ, ತೋಳು ಚಾಚಿ ಹಾಗೇ ತೇಲಿದರು. ನೆಸ್ಟಿ ಬೀಸಿದ ಕೈ ಸರಿಯಾಗಿ ಗೋಡೆಗೇ ತಾಗಿತು. ನೆಸ್ಟಿ 53.00 ಸೆಕೆಂಡು, ಬಿಯಾಂಡಿ 53.01!

ಇದು ಎಷ್ಟು ದೂರ ಆಗುತ್ತದೆ ಅಂತ ನಾನು ಲೆಕ್ಕ ಹಾಕಿದೆ. 100 ಮೀಟರನ್ನು 53ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1.89 ಮೀಟರ್, ಅಂದರೆ 189 ಸೆಂಟಿಮೀಟರ್. ಅದನ್ನು 0.01ರಿಂದ ಗುಣಿಸಿದರೆ 1.89 ಸೆಂಟಿಮೀಟರ್. ಸ್ಕೇಲಿನಲ್ಲಿ ಅಳೆದು ನೋಡಿ, ನಿಮ್ಮ ಹೆಬ್ಬೆರಳಿನ ಅಗಲದಷ್ಟು! ಅಷ್ಟರಲ್ಲೇ ಚಿನ್ನ ಯಾರಿಗೆ, ಬೆಳ್ಳಿ ಯಾರಿಗೆ ಎಂದು ತೀರ್ಮಾನವಾಯಿತು. ಈಜಿನಲ್ಲಿ ಒಂಟಿಯಾಗಿ ಸ್ಪರ್ಧಿಸಿ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಕಪ್ಪು ವರ್ಣೀಯ ಪುರುಷ ನೆಸ್ಟಿ. ಸುರಿನಾಮ್ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ರಾಜಧಾನಿ ಪರಮರಿಬೋದ ಒಳಾಂಗಣ ಕ್ರೀಡಾಂಗಣಕ್ಕೂ ಅವರದೇ ಹೆಸರು.

1991ರಲ್ಲಿ ಪರ್ತ್‌ನಲ್ಲಿ ಅವರು ವಿಶ್ವ ಚಾಂಪಿಯನ್ ಆದರು. 1992ರ ಬಾರ್ಸಿಲೋನಾದಲ್ಲಿ ಕಂಚು ಬಂತು. ಚಿನ್ನ ಗೆದ್ದ ಪಾಬ್ಲೋ ಮೊರಾಲೆಸ್ 53.32, ನೆಸ್ಟಿ 53.41. ಈ ಸಲ ಕೂದಲೆಳೆಯಲ್ಲಿ ಸೋತವರು ಇವರೇ! ಆಮೇಲೆ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅಮೆರಿಕ ತನ್ನ ಪುರುಷರ ಈಜು ತಂಡದ ಮುಖ್ಯ ತರಬೇತುದಾರರನ್ನಾಗಿ ಆರಿಸಿದ್ದು ಇವರನ್ನೇ. ಅಮೆರಿಕದವರನ್ನು ಸೋಲಿಸಿದವರೇ ಅಮೆರಿಕದವರಿಗೆ ಗುರುವಾದರು ನೋಡಿ.

ದೇಶ ಚಿಕ್ಕದು, ಕೊಳ ಒಂದೇ, ನಿಜ. ಆದರೆ ಗೋಡೆ ಮುಟ್ಟುವ ತನಕ ಕೈ ಬೀಸುವುದನ್ನು ಅವರು ನಿಲ್ಲಿಸಲಿಲ್ಲ.

ನಿಮಗೊಂದು ಲೆಕ್ಕ: ಬಾರ್ಸಿಲೋನಾದಲ್ಲಿ ನೆಸ್ಟಿ ಚಿನ್ನದಿಂದ ಎಷ್ಟು ಸೆಂಟಿಮೀಟರ್ ಹಿಂದಿದ್ದರು? ಮೇಲಿನ ರೀತಿಯಲ್ಲೇ ಮಾಡಿ. ಉತ್ತರ ಮುಂದಿನ ಸಂಚಿಕೆಯಲ್ಲಿ.